ಊರು ಬದಲಿಸುವ ಮಕ್ಕಳಿಗೆಂದು ಹುಟ್ಟಿದ ಪಠ್ಯಕ್ರಮ

ಜಿನೀವಾದಲ್ಲಿದ್ದ ರಾಷ್ಟ್ರಸಂಘದ ನೌಕರರ ಮಕ್ಕಳಿಗಾಗಿ 1924ರಲ್ಲಿ ಅಲ್ಲೊಂದು ಅಂತರರಾಷ್ಟ್ರೀಯ ಶಾಲೆ ಶುರುವಾಯಿತು. ಅಪ್ಪನಿಗೆ ವರ್ಗವಾದರೆ ದೇಶವೇ ಬದಲಾಗುತ್ತಿದ್ದ ಮಕ್ಕಳವು. ಚಿಕ್ಕ ತರಗತಿಗಳಲ್ಲಿ ಒಟ್ಟಿಗೆ ಕೂತು ಕಲಿತವರು ಕೊನೆಯ ಎರಡು ವರ್ಷ ಬಂತೆಂದರೆ ಚದುರಿಹೋಗುತ್ತಿದ್ದರು. ಇಂಗ್ಲೆಂಡಿಗೆ ಹೋಗುವವರಿಗೆ ಎ ಲೆವೆಲ್, ಫ್ರಾನ್ಸಿಗೆ ಬಕಲೋರಿಯಾ, ಅಮೆರಿಕಕ್ಕೆ ಇನ್ನೊಂದು ಪರೀಕ್ಷೆ. ಎಲ್ಲ ದೇಶಗಳ ವಿಶ್ವವಿದ್ಯಾಲಯಗಳೂ ಒಪ್ಪುವಂಥ ಒಂದೇ ಪರೀಕ್ಷೆ ಇರಬಾರದೇಕೆ ಎಂದು ಅಲ್ಲಿನ ಮೇಷ್ಟ್ರುಗಳು ಯೋಚಿಸಿದ್ದರ ಫಲವೇ 1968ರಲ್ಲಿ ಸ್ಥಾಪನೆಯಾದ ಇಂಟರ್‌ನ್ಯಾಷನಲ್ ಬ್ಯಾಕಲಾರಿಯೇಟ್. ಆಕ್ಸ್‌ಫರ್ಡ್‌ನಲ್ಲಿ ಶಿಕ್ಷಣ ವಿಭಾಗದ ಮುಖ್ಯಸ್ಥರಾಗಿದ್ದ ಅಲೆಕ್ ಪೀಟರ್ಸನ್ ಅದರ ಮೊದಲ ಮಹಾನಿರ್ದೇಶಕ.

ನಮ್ಮ ಪೋಷಕರ ಬಾಯಲ್ಲಿ ಅದು ‘ಐಬಿ’. ಇದನ್ನು ಕಟ್ಟಿದ್ದು ತಾರಸಿಯಿಂದ ಕೆಳಕ್ಕೆ: ಮೊದಲು ಬಂದದ್ದು ನಮ್ಮ ಪಿಯುಸಿಗೆ ಸಮನಾದ ಡಿಪ್ಲೊಮಾ, 1994ರಲ್ಲಿ ಮಾಧ್ಯಮಿಕ ಹಂತ, 1997ರಲ್ಲಿ ಮೂರು ವರ್ಷದ ಕೂಸುಗಳಿಂದ ಶುರುವಾಗುವ ಪ್ರಾಥಮಿಕ ಹಂತ.

ಡಿಪ್ಲೊಮಾದಲ್ಲಿ ಆರು ವಿಷಯ, ಒಂದೊಂದಕ್ಕೂ ಗರಿಷ್ಠ 7 ಅಂಕ. ಅಲ್ಲಿಗೆ 42. ಇದರ ಮೇಲೆ ಇನ್ನೂ ಮೂರು ಅಂಕ ಬರುವುದು ಎರಡು ಕಡೆಯಿಂದ. ಒಂದು, ವಿದ್ಯಾರ್ಥಿ ತಾನೇ ಪ್ರಶ್ನೆ ಹುಡುಕಿಕೊಂಡು ಬರೆಯುವ 4,000 ಪದಗಳೊಳಗಿನ ಪ್ರಬಂಧ. ಇನ್ನೊಂದು ಜ್ಞಾನ ಮೀಮಾಂಸೆ. ನನಗೆ ಇಡೀ ಏರ್ಪಾಟಿನಲ್ಲಿ ತುಂಬ ಹಿಡಿಸಿದ್ದು ಇದೇ. ‘ಜ್ಞಾನ ಒಬ್ಬರ ಸ್ವತ್ತಾಗಬಹುದೆ’ ಎಂಬಂಥ ಪ್ರಶ್ನೆಯೊಂದನ್ನು ಆರಿಸಿಕೊಂಡು, ಅದಕ್ಕೆ ಸಂಬಂಧಿಸಿದ ಮೂರು ವಸ್ತುಗಳನ್ನು ವಿದ್ಯಾರ್ಥಿ ತಂದಿಡಬೇಕು. ಅಜ್ಜಿಯ ನಾಟಿ ಔಷಧಿಯ ಚೀಟಿ, ಮಾತ್ರೆಯ ಖಾಲಿ ಸ್ಟ್ರಿಪ್, ಪೇಟೆಂಟ್ ಅರ್ಜಿಯ ಒಂದು ಪುಟ — ಇಷ್ಟಿದ್ದರೂ ಸಾಕು. ಇವೇ ಏಕೆ ಎಂದು 950 ಪದಗಳೊಳಗೆ ಸಮರ್ಥಿಸಿಕೊಳ್ಳಬೇಕು. ಗೈಡ್ ಉರು ಹೊಡೆದು ಇದನ್ನು ದಾಟಲಾಗದು. ಇದಕ್ಕೆ ಲ್ಯಾಬ್ ಬೇಡ, ಈಜುಕೊಳವೂ ಬೇಡ. ಮಕ್ಕಳ ಜೊತೆ ಕೂತು ವಾದ ಮಾಡುವಷ್ಟು ಪುರುಸೊತ್ತಿರುವ ಮೇಷ್ಟ್ರು ಬೇಕು.

ಭಾರತಕ್ಕೆ ಐಬಿ ಕಾಲಿಟ್ಟಿದ್ದು 1976ರಲ್ಲಿ, ಕೊಡೈಕೆನಾಲ್‌ನ ಶಾಲೆಯೊಂದರ ಮೂಲಕ. ಈಗ ಬೆಂಗಳೂರಿನ ಅಂಚಿನ ಬಡಾವಣೆಗಳಲ್ಲಿ ಇಂಥ ಶಾಲೆಗಳು ಹಲವು. ಶುಲ್ಕ ವರ್ಷಕ್ಕೆ ಲಕ್ಷಗಳ ಲೆಕ್ಕ. ಡಿಪ್ಲೊಮಾಕ್ಕೆ ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ಮಾನ್ಯತೆ ಇದೆ. ಆದರೂ ಇಲ್ಲೇ ಡಾಕ್ಟರಾಗಬೇಕೆನ್ನುವ ಮಗುವಿನ ಪಾಡು ಬೇರೆ. ನೀಟ್‌ಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಬೇಕು. ಎಲ್ಲ ಬಗೆಯ ವಿಷಯಗಳೂ ಇರಲಿ ಎನ್ನುವ ಐಬಿ ಮಾಮೂಲಿಯಾಗಿ ಬಿಡುವುದು ಎರಡೇ ವಿಜ್ಞಾನಗಳಿಗೆ. ಮೂರನೆಯದಕ್ಕೆ ವಿಶೇಷ ಅನುಮತಿ ಪಡೆಯಬೇಕು. ಮೇ ಪರೀಕ್ಷೆಯ ಫಲಿತಾಂಶ ಜುಲೈ ಮೊದಲ ವಾರದಲ್ಲಿ ಬರುವುದರಿಂದ ಇಲ್ಲಿನ ಕಾಲೇಜುಗಳ ಅಡ್ಮಿಷನ್‌ಗೆ ಓಡಾಟ ತಪ್ಪಿದ್ದಲ್ಲ. ಎಷ್ಟೆಂದರೂ ಇದು ವಿಮಾನ ಹತ್ತುವವರನ್ನು ಮನಸ್ಸಿನಲ್ಲಿಟ್ಟು ಮಾಡಿದ ಪಠ್ಯಕ್ರಮ.

ಊರೂರು ಅಲೆಯುವ ಮಗು ತನ್ನ ಭಾಷೆ ಕಳೆದುಕೊಳ್ಳಬಾರದು ಎಂಬ ಕಾಳಜಿಯೂ ಇದರಲ್ಲಿದೆ. ಆರು ವಿಷಯಗಳಲ್ಲಿ ಮೊದಲನೆಯದೇ ವಿದ್ಯಾರ್ಥಿಗೆ ಚೆನ್ನಾಗಿ ಬರುವ ಭಾಷೆಯ ಸಾಹಿತ್ಯ. ಆ ಭಾಷೆಗೆ ಶಾಲೆಯಲ್ಲಿ ಮೇಷ್ಟ್ರಿಲ್ಲದಿದ್ದರೆ, ಶಾಲೆಯ ಆಸರೆಯಲ್ಲಿ ತಾನೇ ಓದಿಕೊಂಡು ಪರೀಕ್ಷೆ ಬರೆಯಬಹುದು. ಮಾಮೂಲಿ ಪಟ್ಟಿಯಲ್ಲಿಲ್ಲದ ಭಾಷೆಯಾದರೆ, ಅದರಲ್ಲಿ ಸಾಕಷ್ಟು ಲಿಖಿತ ಸಾಹಿತ್ಯವಿದ್ದರೆ, ಮೊದಲೇ ಕೋರಿಕೆ ಸಲ್ಲಿಸಲು ಅವಕಾಶವಿದೆ. ಹಾಗೆ ಓದುವವರಿಗೆ ಒಂಬತ್ತು ಕೃತಿಗಳು. ಕೆಲವು ಮೂಲದಲ್ಲೇ ಆ ಭಾಷೆಯವು, ಕೆಲವು ಅದಕ್ಕೆ ಅನುವಾದವಾದವು. ‘ತುಘಲಕ್’ ನಾಟಕವನ್ನೂ ಕನ್ನಡಕ್ಕೆ ಬಂದ ರಷ್ಯನ್ ಕತೆಗಳನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದುವ ಹದಿನೇಳರ ಹುಡುಗಿಯನ್ನು ಕಲ್ಪಿಸಿಕೊಳ್ಳಿ. ನಮ್ಮ ಪಿಯುಸಿ ಕನ್ನಡದಲ್ಲಿ ಇಷ್ಟು ಪುಸ್ತಕಗಳನ್ನು ಇಡಿಯಾಗಿ ಓದಿಸುವುದಿಲ್ಲ.

ಕನ್ನಡ ಭಾಷಾ ಕಲಿಕೆ ಕಾಯ್ದೆ ಬಂದದ್ದು 2015ರಲ್ಲಿ. ಕನ್ನಡದ ಒಂದು ಪೀರಿಯಡ್ ಇಟ್ಟು ಕಾಯ್ದೆಯ ಬಾಯಿ ಮುಚ್ಚಿಸುವುದು ಶಾಲೆಗಳಿಗೆ ಕಷ್ಟವಲ್ಲ. ಸಾಹಿತ್ಯ ಆರಿಸುವ ಹೊತ್ತಿಗೆ ಮಾತ್ರ ಮನೆಯಲ್ಲಿ ಕನ್ನಡ ಮಾತಾಡುವ ಮಕ್ಕಳೂ ಇಂಗ್ಲಿಷಿನತ್ತ ತಿರುಗುತ್ತಾರೆ, ಎರಡನೆಯ ಭಾಷೆಗೆ ಫ್ರೆಂಚೋ ಸ್ಪ್ಯಾನಿಷೋ. ಕನ್ನಡಕ್ಕಾಗಿ ಕೋರಿಕೆ ಸಲ್ಲಿಸಬೇಕಾದದ್ದು ಶಾಲೆಯ ಕೋಆರ್ಡಿನೇಟರ್, ಅದೂ ಡಿಪ್ಲೊಮಾ ಶುರುವಾಗುವ ಹೊತ್ತಿಗೆ. ಲಕ್ಷಗಟ್ಟಲೆ ಕಟ್ಟುವ ಅಪ್ಪ ಅಮ್ಮ ಅವರ ಮುಂದೆ ಬಸ್ಸಿನ ಬಗ್ಗೆ, ಊಟದ ಬಗ್ಗೆ, ವಿದೇಶಿ ಸೀಟಿನ ಬಗ್ಗೆ ವಿಚಾರಿಸುತ್ತಾರೆ. ಇದನ್ನೂ ಒಮ್ಮೆ ವಿಚಾರಿಸಿದರೆ ಹೆಚ್ಚಿನ ಶುಲ್ಕವೇನೂ ಬೀಳಲಾರದು.