ಕರಾವಳಿಯ ಎಕ್ಕ ಮತ್ತು ಅದರ ಬಳಗ

ಭಟ್ಕಳದಿಂದ ಹೊನ್ನಾವರವನ್ನು ದಾಟಿ ಕುಮಟೆಯವರೆಗೆ ಹೆದ್ದಾರಿಯ ಅಂಚಿನಲ್ಲೂ ಕಡಲತೀರದ ಮರಳಿನಲ್ಲೂ ಯಾರೂ ನೆಡದೆ, ಯಾರೂ ನೀರೆರೆಯದೆ ಬೆಳೆಯುವ ಎಕ್ಕವು ದಕ್ಷಿಣ ಮತ್ತು ಆಗ್ನೇಯ ಏಷ್ಯಾದ ಸಹಜ ಪೊದೆಗಿಡವಾಗಿದೆ. ಲಿನ್ನೇಯಸ್ 1753ರಲ್ಲಿ ಅಸ್ಕ್ಲೆಪಿಯಾಸ್ ಎಂಬ ಕುಲಕ್ಕೆ ಸೇರಿಸಿದ್ದ ಈ ಸಸ್ಯಕ್ಕೆ, 1810ರಲ್ಲಿ ರಾಬರ್ಟ್ ಬ್ರೌನ್ ಕ್ಯಾಲೊಟ್ರೊಪಿಸ್ ಎಂಬ ಪ್ರತ್ಯೇಕ ಕುಲವನ್ನು ರಚಿಸಿದ ಬಳಿಕ, ಕ್ಯಾಲೊಟ್ರೊಪಿಸ್ ಜೈಗ್ಯಾಂಟಿಯಾ ಎಂಬ ಹೆಸರು ಸಂದಿತು. ಕಣಗಿಲೆ, ನಂದಿಬಟ್ಟಲುಗಳೂ ಇದೇ ಕುಟುಂಬದವು.

ಎಕ್ಕದ ಹೂವಿನ ರಚನೆಯು ಸೂಕ್ಷ್ಮವಾಗಿ ಗಮನಿಸತಕ್ಕದ್ದು. ಇತರ ಹೂಗಳಲ್ಲಿ ಪುಡಿಯಾಗಿ ಉದುರುವ ಪರಾಗವು ಇಲ್ಲಿ ಮೇಣದಂಥ ಪುಟ್ಟ ಗಂಟುಗಳಾಗಿ ಅಡಕವಾಗಿದ್ದು, ಎರಡೆರಡು ಗಂಟುಗಳು ಒಂದೊಂದು ಕೊಕ್ಕೆಗೆ ಜೋತುಬಿದ್ದಿರುತ್ತವೆ. ಇಂಥ ಐದು ಜೋಡಿಗಳು ನಡುವಿನ ಕಿರೀಟದಂಥ ಭಾಗದ ಸಂದುಗಳಲ್ಲಿ ಅಡಗಿರುತ್ತವೆ. ಮರ ಕೊರೆದು ಗೂಡು ಮಾಡುವ ದೊಡ್ಡ ಕಪ್ಪು ದುಂಬಿಯು ಮಕರಂದಕ್ಕಾಗಿ ಬಂದಾಗ ಅದರ ಕಾಲು ಸಂದಿಗೆ ಜಾರಿ ಕೊಕ್ಕೆಗೆ ಸಿಕ್ಕುತ್ತದೆ. ಬಲವಾಗಿ ಎಳೆದುಕೊಂಡರೆ ಜೋಡಿಗಂಟು ಕಾಲಿಗಂಟಿಯೇ ಹೊರಬಂದು, ಮತ್ತೊಂದು ಹೂವಿನ ಸಂದಿಗೆ ಸೇರಿದಾಗ ಪರಾಗಸ್ಪರ್ಶವಾಗುತ್ತದೆ. ಇಷ್ಟು ಕರಾರುವಾಕ್ಕಾದ ಏರ್ಪಾಡಿನ ಕಾರಣದಿಂದಲೇ ಗೊಂಚಲು ತುಂಬ ಹೂವಿದ್ದರೂ ಕಾಯಿ ಕಟ್ಟುವುದು ಬಹಳ ಕಡಿಮೆ.

ಎಲೆಯನ್ನು ಮುರಿದೊಡನೆ ಒಸರುವ ಹಾಲಿನಲ್ಲಿ ಹೃದಯದ ಬಡಿತವನ್ನು ಕೆಡಿಸುವ ವಿಷವಿರುವುದರಿಂದ ದನಕರುಗಳು ಸಾಮಾನ್ಯವಾಗಿ ಈ ಗಿಡವನ್ನು ಮುಟ್ಟುವುದಿಲ್ಲ. ಆದರೆ ಕಪ್ಪು, ಬಿಳಿ, ಹಳದಿ ಪಟ್ಟೆಗಳಿರುವ, ಬೆನ್ನ ಮೇಲೆ ಮೂರು ಜೊತೆ ಕರಿಯ ಎಳೆಗಳನ್ನು ಹೊತ್ತ ಒಂದು ಕಂಬಳಿಹುಳು ಇದರ ಎಲೆಯನ್ನೇ ತಿಂದು ಬೆಳೆದು ಕಿತ್ತಳೆ ಬಣ್ಣದ ಪ್ಲೇನ್ ಟೈಗರ್ ಚಿಟ್ಟೆಯಾಗುತ್ತದೆ. ಇದರ ಕೆಟ್ಟ ರುಚಿಯನ್ನು ಒಮ್ಮೆ ಕಂಡ ಹಕ್ಕಿಗಳು ಮತ್ತೆ ಇದರ ಗೊಡವೆಗೆ ಹೋಗುವುದಿಲ್ಲವಾದ್ದರಿಂದ, ನಿರ್ವಿಷವಾದ ಬೇರೊಂದು ಜಾತಿಯ ಹೆಣ್ಣು ಚಿಟ್ಟೆಯೂ ಇದೇ ವೇಷವನ್ನು ತಳೆದು ಪಾರಾಗುತ್ತದೆ.

ಎಕ್ಕದ ಬಂಧುಗಳು ಮನೆಮದ್ದಿಗೆ ಹೆಚ್ಚು ಹತ್ತಿರದವು. ಪರಿಮಳದ ಬೇರಿನಿಂದ ಪಾನಕ, ಕಷಾಯಗಳಿಗೆ ಒದಗುವ ಸೊಗದೆ ಬಳ್ಳಿಯೂ, ಎಲೆಯನ್ನು ಜಗಿದ ಮೇಲೆ ಸಕ್ಕರೆಯನ್ನು ಮರಳಿನಂತೆ ಸಪ್ಪೆಯಾಗಿಸುವ ಮಧುನಾಶಿನಿಯೂ, ಆಡುಮುಟ್ಟದ ಬಳ್ಳಿಯೂ ಇದೇ ಬಳಗದವು.

ರಥಸಪ್ತಮಿಯ ದಿನ ಏಳು ಎಕ್ಕದೆಲೆಗಳನ್ನು ಮೈಮೇಲಿರಿಸಿಕೊಂಡು ಮೀಯುವ ಸಂಪ್ರದಾಯವೂ, ಗಣಪತಿಗೆ ಎಕ್ಕದ ಹೂವನ್ನು ಏರಿಸುವ ರೂಢಿಯೂ ಇರುವುದರಿಂದ ಈ ಗಿಡಕ್ಕೆ ಗೌರವವೇನೋ ಉಂಟು. ಆದರೂ ರಸ್ತೆಯಂಚನ್ನು ಸವರುವಾಗ ಮೊದಲು ಕತ್ತಿಗೆ ಬೀಳುವುದೂ ಇದೇ. ಹೂವನ್ನು ಕೊಯ್ಯುವವರು ಹಾಲು ಕಣ್ಣಿಗೆ ಸಿಡಿಯದಂತೆ ಎಚ್ಚರ ವಹಿಸಬೇಕು. ಸಿಡಿದರೆ ನೋವು ಕಡಿಮೆಯಿದ್ದರೂ ದೃಷ್ಟಿ ಮಂಜಾಗಬಹುದಾದ್ದರಿಂದ ಕೂಡಲೇ ಧಾರಾಳ ನೀರಿನಿಂದ ತೊಳೆದು ಕಣ್ಣಿನ ವೈದ್ಯರನ್ನು ಕಾಣಬೇಕು. ಕತ್ತಿ ಎತ್ತುವವರು ಬೇಲಿಯ ಮೂಲೆಯಲ್ಲಿ ಒಂದೆರಡು ಗಿಡಗಳನ್ನಾದರೂ ಚಿಟ್ಟೆಗಳಿಗಾಗಿ ಉಳಿಸಿಕೊಡಬೇಕು.