ಹೊಸ ಮನೆಯ ಛಾವಣಿಗೆ ಟ್ರಸ್ಸು
(ಒಬ್ಬ ವ್ಯವಸಾಯದ ಇನ್‌ಸ್ಪೆಕ್ಟರು)

ಬೆಳೆ ಚೆನ್ನಾಗಿ ಕೈಗೆ ಬಂದ ವರ್ಷ ಹೊಸ ಮನೆಯನ್ನು ಕಟ್ಟಿಸಬೇಕೆಂದು ಯೋಚಿಸುವ ಜಮೀನುದಾರರು ಅನೇಕರುಂಟು. ಗೋಡೆಗೆ ಕಲ್ಲೋ ಇಟ್ಟಿಗೆಯೋ, ಬಾಗಿಲಿಗೆ ಯಾವ ಮರ, ಎಂಬ ವಿಷಯಗಳಲ್ಲಿ ಹತ್ತು ಜನರನ್ನು ವಿಚಾರಿಸುವ ಯಜಮಾನರು, ಛಾವಣಿಯ ಕೆಲಸವನ್ನು ಮಾತ್ರ ಬಡಗಿಯ ವಶಕ್ಕೆ ಬಿಟ್ಟು ಸುಮ್ಮನಾಗುವುದು ವಾಡಿಕೆಯಾಗಿದೆ. ಆದರೆ ಮನೆಯ ಆಯುಸ್ಸೂ, ಅದರಲ್ಲಿ ಶೇಖರಿಸಿಟ್ಟ ಧಾನ್ಯದ ಕ್ಷೇಮವೂ ಬಹುಮಟ್ಟಿಗೆ ಛಾವಣಿಯನ್ನೇ ಅವಲಂಬಿಸಿವೆ. ಆದುದರಿಂದ ಹೆಂಚಿನ ಮನೆಗಳಿಗೆ ಟ್ರಸ್ಸು ಎಂಬ ತ್ರಿಕೋನದ ಕಟ್ಟನ್ನು ಉಪಯೋಗಿಸುವುದರಿಂದ ಆಗುವ ಪ್ರಯೋಜನಗಳನ್ನು ಇಲ್ಲಿ ವಿವರಿಸಲಾಗಿದೆ.

ಕೆಲವು ವರ್ಷಗಳ ಹಿಂದೆ ನಾನು ಮಲೆನಾಡಿನ ಅಂಚಿನ ಒಂದು ಗ್ರಾಮಕ್ಕೆ ಬಿತ್ತನೆ ಭತ್ತವನ್ನು ಪರೀಕ್ಷಿಸಲು ಹೋಗಿದ್ದೆನು. ಆ ಮನೆಯ ಯಜಮಾನರು ಅಟ್ಟದಲ್ಲಿ ಚೀಲಗಳನ್ನು ಸಾಗಿಸಲು ಅಡ್ಡಿಯಾಗುವುದೆಂದು ಛಾವಣಿಯ ಅಡ್ಡತೊಲೆಗಳಲ್ಲಿ ಎರಡನ್ನು ಕೊಯ್ಯಿಸಿ ತೆಗೆಸಿದ್ದರು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗೋಡೆಯ ತಲೆಯು ನಾಲ್ಕು ಬೆರಳಿನಷ್ಟು ಹೊರಕ್ಕೆ ವಾಲಿತು. ನೆತ್ತಿಯಲ್ಲಿ ಹೆಂಚುಗಳು ಬಾಯಿಬಿಟ್ಟವು. ನೀರು ಸೋರಿ ಬಿತ್ತನೆಯ ಭತ್ತವು ಚೀಲದಲ್ಲಿಯೇ ಮೊಳಕೆಯೊಡೆಯಿತು. ಕಡೆಗೆ ಆ ಗೋಡೆಯನ್ನೇ ಕೆಡವಿ ಕಟ್ಟಿಸಬೇಕಾಯಿತು. ಒಂದು ಮರದ ತುಂಡು ಇಷ್ಟು ಕೆಲಸವನ್ನು ಮಾಡುತ್ತಿತ್ತೆಂಬುದು ಅವರಿಗೆ ತಿಳಿದಿರಲಿಲ್ಲ.

ಟ್ರಸ್ಸಿನ ತತ್ತ್ವ

ಕೆಸರುಗದ್ದೆಯಲ್ಲಿ ಕಾಲುಗಳನ್ನು ಅಗಲಿಸಿ ತಲೆಯ ಮೇಲೆ ಹೊರೆ ಹೊತ್ತು ನಿಂತವನ ಪಾದಗಳು ಎರಡು ಪಕ್ಕಕ್ಕೂ ಜಾರುತ್ತವೆ. ಎರಡು ಕಾಲುಗಳಿಗೂ ಒಂದು ಹಗ್ಗವನ್ನು ಬಿಗಿದರೆ ಜಾರುವುದು ನಿಲ್ಲುತ್ತದೆ. ನೆತ್ತಿಯಲ್ಲಿ ಕೂಡಿದ ಎರಡು ಕೈಮರಗಳೇ ಆ ಕಾಲುಗಳು. ಅವುಗಳ ಬುಡವನ್ನು ಕಟ್ಟುವ ಅಡ್ಡತೊಲೆಯೇ ಆ ಹಗ್ಗ.

ಈ ತಳ್ಳುವಿಕೆಯು ಅಲ್ಪವಾದುದಲ್ಲ. ೨೦ ಅಡಿ ಅಗಲದ ಅಂಕಣಕ್ಕೆ ನಡುವೆ ೬ ಅಡಿ ಎತ್ತರ ಕೊಟ್ಟು, ೮ ಅಡಿಗೊಂದರಂತೆ ಜೋಡಿ ಕೈಮರಗಳನ್ನು ನಿಲ್ಲಿಸಿದೆವೆಂದು ಭಾವಿಸೋಣ. ಮಂಗಳೂರು ಹೆಂಚು ಮತ್ತು ರೀಪುಗಳ ತೂಕವು ಚದರ ಅಡಿಗೆ ಸುಮಾರು ೬ ಕಿಲೋಗ್ರಾಂ ಆಗುವುದರಿಂದ, ಒಂದೊಂದು ಜೋಡಿಯ ಮೇಲೆ ೧೧ ಕ್ವಿಂಟಾಲಿನಷ್ಟು ಭಾರ ಬೀಳುತ್ತದೆ. ಅಡ್ಡತೊಲೆ ಇಲ್ಲದಿದ್ದರೆ ಪ್ರತಿ ಜೋಡಿಯೂ ಎರಡು ಗೋಡೆಗಳನ್ನೂ ಸುಮಾರು ನಾಲ್ಕೂವರೆ ಕ್ವಿಂಟಾಲಿನ ಬಲದಿಂದ ಹೊರಕ್ಕೆ ನೂಕುತ್ತಿರುತ್ತದೆ. ಮರದ ತೂಕವನ್ನೂ ಗಾಳಿಯ ಒತ್ತಡವನ್ನೂ ಈ ಲೆಕ್ಕಕ್ಕೆ ಸೇರಿಸಿಲ್ಲ. ಗೋಡೆಯು ಮೇಲಿನಿಂದ ಬೀಳುವ ಭಾರವನ್ನು ಹೊರಬಲ್ಲುದಲ್ಲದೆ, ಪಕ್ಕದ ನೂಕನ್ನು ಬಹುಕಾಲ ತಡೆಯಲಾರದು.

ಇನ್ನೊಂದು ಗುಣವನ್ನು ಯಾರಾದರೂ ಪರೀಕ್ಷಿಸಿ ನೋಡಬಹುದು. ನಾಲ್ಕು ಕಡ್ಡಿಗಳನ್ನು ಮೂಲೆಗಳಲ್ಲಿ ದಾರದಿಂದ ಕಟ್ಟಿ ಚೌಕ ಮಾಡಿ ಒತ್ತಿದರೆ ಅದು ಓರೆಯಾಗುತ್ತದೆ. ಮೂರು ಕಡ್ಡಿಗಳ ತ್ರಿಕೋನವನ್ನು ಎಷ್ಟು ಒತ್ತಿದರೂ ಕಡ್ಡಿಯು ಮುರಿಯುವವರೆಗೆ, ಇಲ್ಲವೆ ಕಟ್ಟು ಬಿಚ್ಚುವವರೆಗೆ ಆಕಾರವು ಬದಲಾಗದು. ಟ್ರಸ್ಸೆಂಬುದು ಇಂತಹ ತ್ರಿಕೋನಗಳ ಸಮೂಹವೇ.

ಸಾಮಾನ್ಯವಾದ ಮನೆಗೆ ತಕ್ಕ ಟ್ರಸ್ಸಿನಲ್ಲಿ ಎರಡು ಕೈಮರಗಳು, ಒಂದು ಅಡ್ಡತೊಲೆ, ಒಂದು ನಡುಗಂಬ ಮತ್ತು ಎರಡು ಓರೆಯ ಊರೆಗಳಿರುತ್ತವೆ. ನಡುಗಂಬವೆಂದು ಹೆಸರಿದ್ದರೂ ಅದು ಭಾರವನ್ನು ಹೊರುವ ಕಂಬವಲ್ಲ. ನೆತ್ತಿಯಿಂದ ನೇತುಬಿದ್ದು, ಅಡ್ಡತೊಲೆಯ ನಡುವು ಜೋಲದಂತೆ ಎತ್ತಿ ಹಿಡಿದಿರುವುದೇ ಅದರ ಕೆಲಸ. ಊರೆಗಳು ಕೈಮರಗಳನ್ನು ನಡುವೆ ಬಾಗದಂತೆ ತಡೆಯುತ್ತವೆ. ೧೬ ರಿಂದ ೨೬ ಅಡಿಯವರೆಗಿನ ಅಗಲಕ್ಕೆ ಈ ರೀತಿಯ ಟ್ರಸ್ಸು ಸಾಕಾಗುತ್ತದೆ.

ಪ್ರಯೋಜನಗಳು

ಮೊದಲನೆಯದಾಗಿ, ಗೋಡೆಗಳು ನೆಟ್ಟಗೆ ನಿಲ್ಲುತ್ತವೆ.

ಎರಡನೆಯದಾಗಿ, ದಪ್ಪ ಮರದ ಆವಶ್ಯಕತೆ ತಪ್ಪುತ್ತದೆ. ಒಂದೇ ತೊಲೆಯ ಮೇಲೆ ಛಾವಣಿಯನ್ನು ಹೊರಿಸುವಾಗ, ಅಡಿಯೊಂದಕ್ಕೆ ಭಾರವು ಸಮನಾಗಿದ್ದರೂ ಉದ್ದವು ಎರಡರಷ್ಟಾದರೆ ಬಾಗಿಸುವ ಒತ್ತಡವು ನಾಲ್ಕರಷ್ಟಾಗುತ್ತದೆ. ಅಂತಹ ತೊಲೆಗೆ ತಕ್ಕ ಹಳೆಯ ಮರವು ಈಗ ಸಿಕ್ಕುವುದೇ ದುರ್ಲಭ. ಟ್ರಸ್ಸಿಗಾದರೋ ಸಣ್ಣ ಅಳತೆಯ ಮರಗಳೇ ಸಾಲುತ್ತವೆ.

ಮೂರನೆಯದಾಗಿ, ನಡುವೆ ಕಂಬಗಳಾಗಲಿ ಗೋಡೆಯಾಗಲಿ ಬೇಕಾಗುವುದಿಲ್ಲ. ಧಾನ್ಯದ ಉಗ್ರಾಣ, ರೇಷ್ಮೆಹುಳು ಸಾಕುವ ಮನೆ, ಅಡಕೆ ಸುಲಿಯುವ ಚಾವಡಿ ಮೊದಲಾದವುಗಳಿಗೆ ಇದು ವಿಶೇಷ ಅನುಕೂಲ.

ನಾಲ್ಕನೆಯದಾಗಿ, ಛಾವಣಿಯು ಹಗುರವಾಗುತ್ತದೆ. ಬಯಲುಸೀಮೆಯ ಮಣ್ಣಿನ ಮಾಳಿಗೆಯಲ್ಲಿ ಮಣ್ಣು ಮುಕ್ಕಾಲು ಅಡಿ ದಪ್ಪವಿದ್ದರೆ ಚದರ ಅಡಿಗೆ ೩೦ ಕಿಲೋಗ್ರಾಮಿಗೂ ಮೇಲ್ಪಟ್ಟ ಭಾರವಾಗುತ್ತದೆ. ಇದು ಹೆಂಚಿನ ಭಾರದ ಐದರಷ್ಟು. ೧೯೯೩ನೆಯ ಇಸವಿ ಸೆಪ್ಟೆಂಬರ್ ೩೦ರ ಬೆಳಗಿನ ಜಾವ ಮಹಾರಾಷ್ಟ್ರದ ಕಿಲ್ಲಾರಿಯ ಸುತ್ತ ಭೂಕಂಪವಾದಾಗ, ಮಣ್ಣಿನ ಗಾರೆಯ ದಪ್ಪ ಕಲ್ಲುಗೋಡೆಗಳೂ ಭಾರವಾದ ಮಣ್ಣಿನ ಮಾಳಿಗೆಗಳೂ ಮಲಗಿದ್ದವರ ಮೇಲೆ ಕುಸಿದು ಸಾವಿರಾರು ಜನರು ಮಡಿದರು. ನಮ್ಮ ಬೀದರ್, ಕಲಬುರಗಿ ಸೀಮೆಗಳಲ್ಲಿಯೂ ಅಂತಹ ಮನೆಗಳಿರುವುದರಿಂದ ಈ ವಿಷಯವು ಮುಖಂಡರ ಮನಸ್ಸಿನಲ್ಲಿರತಕ್ಕದ್ದು. ಆದರೆ ಛಾವಣಿಯು ಹಗುರವಾದ ಮಾತ್ರಕ್ಕೆ ದುರ್ಬಲವಾದ ಗೋಡೆಯು ಗಟ್ಟಿಯಾಗದೆಂಬುದನ್ನೂ ಮರೆಯಬಾರದು.

ಗಮನಿಸಬೇಕಾದ ಅಂಶಗಳು

೧. ಚೇಗು ತುಂಬಿದ, ಚೆನ್ನಾಗಿ ಒಣಗಿದ ಮರವನ್ನೇ ಉಪಯೋಗಿಸಬೇಕು. ಹಸಿಯ ಮರವು ಒಣಗುತ್ತ ಸೆಡೆತು ಕೀಲುಗಳು ಸಡಿಲವಾಗುವುವು.

೨. ಟ್ರಸ್ಸಿನ ಬಲವೆಲ್ಲವೂ ಕೀಲುಗಳಲ್ಲಿದೆ. ಕೈಮರ, ಅಡ್ಡತೊಲೆಗಳು ಕೂಡುವಲ್ಲಿಯೂ, ನಡುಗಂಬದ ಬುಡದಲ್ಲಿಯೂ ಕಬ್ಬಿಣದ ಪಟ್ಟಿ ಮತ್ತು ಬೋಲ್ಟುಗಳನ್ನು ಹಾಕಿಸಬೇಕು; ಮೊಳೆಗಳನ್ನು ಮಾತ್ರ ನಂಬಬಾರದು.

೩. ಟ್ರಸ್ಸುಗಳ ನಡುವಣ ಅಂತರವು ೧೦ ಅಡಿಗೆ ಮೀರಬಾರದು. ಅವುಗಳ ತುದಿಗಳನ್ನು ಹಾಸುಗಲ್ಲಿನ ಮೇಲೆ ಕೂರಿಸಬೇಕು. ಬಾಗಿಲು ಕಿಟಕಿಗಳ ನೇರಕ್ಕೆ ಇಡಬಾರದು.

೪. ಅಡ್ಡತೊಲೆಯ ತುದಿಯನ್ನು ಗೋಡೆಯೊಳಗೆ ಮಣ್ಣಿನಿಂದ ಮುಚ್ಚಬಾರದು. ಸುತ್ತಲೂ ಗಾಳಿಯಾಡುವಂತೆ ಸ್ಥಳ ಬಿಟ್ಟು, ಗೆದ್ದಲು ಹತ್ತದಂತೆ ಔಷಧವನ್ನು ಬಳಿಸಬೇಕು.

೫. ಬಿರುಗಾಳಿಯು ಛಾವಣಿಯನ್ನು ಮೇಲಕ್ಕೆತ್ತುವ ಸಂಭವವಿರುವುದರಿಂದ, ಟ್ರಸ್ಸಿನ ತುದಿಗಳನ್ನು ಗೋಡೆಯಲ್ಲಿ ಹೂಳಿದ ಕಬ್ಬಿಣದ ಸಲಾಕಿಗಳಿಗೆ ಬಿಗಿಯಬೇಕು. ಟ್ರಸ್ಸಿನಿಂದ ಟ್ರಸ್ಸಿಗೆ ಓರೆಯ ಪಟ್ಟಿಗಳನ್ನೂ ಹೊಡೆಸಬೇಕು. ಇಲ್ಲದಿದ್ದರೆ ಅವು ಒಂದರ ಮೇಲೊಂದು ಮಲಗಿಬಿಡಬಹುದು.

೬. ಅಡ್ಡತೊಲೆಯ ಮೇಲೆ ಚೀಲಗಳನ್ನು ಒಟ್ಟುವುದಾಗಲಿ, ಅದಕ್ಕೆ ಭಾರವನ್ನು ನೇತುಹಾಕುವುದಾಗಲಿ ಕೂಡದು. ಅಟ್ಟವು ಬೇಕಾದಲ್ಲಿ ಮೊದಲೇ ಹೇಳಿ ಅದಕ್ಕೆ ತಕ್ಕಂತೆ ಮಾಡಿಸಬೇಕು.

ಮರವು ದುಬಾರಿಯಾದ ಕಡೆಗಳಲ್ಲಿ ಉಕ್ಕಿನ ಕೊಳವೆ ಅಥವಾ ಮೂಲೆಪಟ್ಟಿಗಳಿಂದ ಟ್ರಸ್ಸನ್ನು ಮಾಡಿಸಬಹುದು. ಇದಕ್ಕೆ ಗೆದ್ದಲಿನ ಭಯವಿಲ್ಲ, ತುಕ್ಕಿನ ಭಯವುಂಟು. ಆದುದರಿಂದ ಕಾಲಕಾಲಕ್ಕೆ ಬಣ್ಣವನ್ನು ಬಳಿಸತಕ್ಕದ್ದು. ಮರದ್ದಾಗಲಿ ಉಕ್ಕಿನದ್ದಾಗಲಿ, ಅಗಲವನ್ನೂ ಹೊದಿಕೆಯನ್ನೂ ತಿಳಿಸಿ ಬಲ್ಲ ಇಂಜಿನಿಯರರಿಂದ ಅಳತೆಗಳನ್ನು ಬರೆಯಿಸಿಕೊಂಡ ತರುವಾಯವೇ ಕೆಲಸವನ್ನು ಪ್ರಾರಂಭಿಸುವುದು ಕ್ಷೇಮ.

ಗ್ರಾಮದಲ್ಲಿ ಮುಖಂಡರ ಮನೆಯನ್ನು ನೋಡಿಯೇ ಉಳಿದವರು ಕಟ್ಟಿಸುತ್ತಾರೆ. ಆದುದರಿಂದ ಹೊಸ ಮನೆಯನ್ನು ಕಟ್ಟಿಸುವ ಮಹಾಶಯರು ಟ್ರಸ್ಸನ್ನು ಹಾಕಿಸಿ, ಅದರ ಒಂದೊಂದು ಮರದ ಕೆಲಸವನ್ನೂ ತಮ್ಮ ಮಕ್ಕಳಿಗೆ ತೋರಿಸಿ ತಿಳಿಸಬೇಕೆಂದು ಕೋರುತ್ತೇನೆ. ಹಾಗೆ ತಿಳಿದವರು ಅಡ್ಡತೊಲೆಗೆ ಗರಗಸವನ್ನು ಹಚ್ಚುವುದಿಲ್ಲ.