ಹಿರಿಯಣ್ಣನ ಎದುರು ಕಿರಿಯ ತಮ್ಮ

ಹದಿನೇಳರ ಹರೆಯದ ಮಾರ್ಕಸ್ ಬೂಟಿನೊಳಗೆ ಜಲ್ಲಿಕಲ್ಲು ತುಂಬಿಕೊಂಡು ನಡೆಯುತ್ತಾನೆ. ಇದು ಹುಡುಗಾಟಿಕೆಯಲ್ಲ, ಅವನ ಶಾಲೆಯ ಕ್ಯಾಮರಾಗಳು ನಡಿಗೆಯ ವೈಖರಿಯಿಂದಲೇ ವಿದ್ಯಾರ್ಥಿಯನ್ನು ಗುರುತಿಸಬಲ್ಲವು! ಕೆನಡಾ ಮೂಲದ ಲೇಖಕ ಕೋರಿ ಡಾಕ್ಟೊರೊ ಅವರು ತರುಣ ವಾಚಕರಿಗಾಗಿ ಬರೆದು 2008ರಲ್ಲಿ ಪ್ರಕಟಿಸಿದ ‘ಲಿಟಲ್ ಬ್ರದರ್’ ಕಾದಂಬರಿಯ ನಾಯಕನೀತ. ಜಾರ್ಜ್ ಆರ್ವೆಲ್ 1949ರಲ್ಲಿ ಚಿತ್ರಿಸಿದ, ಎಲ್ಲರ ಮೇಲೂ ಕಣ್ಣಿಟ್ಟ ‘ಬಿಗ್ ಬ್ರದರ್’ ಎಂಬ ಹಿರಿಯಣ್ಣನಿಗೆ ಈ ಕಿರಿಯ ತಮ್ಮ ಎದುರಾಳಿ.

ಸ್ಯಾನ್‌ಫ್ರಾನ್ಸಿಸ್ಕೋ ನಗರದ ಸೇತುವೆ ಸ್ಫೋಟಗೊಂಡಾಗ ಭದ್ರತಾ ಅಧಿಕಾರಿಗಳು ಮಾರ್ಕಸನನ್ನು ಸೆರೆಹಿಡಿಯುತ್ತಾರೆ. ಬಿಡುಗಡೆಯಾಗಿ ಮರಳುವ ವೇಳೆಗೆ ಊರಿಗೆ ಊರೇ ಕಾವಲಿಗೆ ಒಳಗಾಗಿದೆ. ಆಟದ ಯಂತ್ರವಾದ ಎಕ್ಸ್‌ಬಾಕ್ಸನ್ನೇ ಗುಪ್ತ ಸಂದೇಶದ ಸಾಧನವನ್ನಾಗಿಸಿ ಹುಡುಗರು ಬಂಡೇಳುತ್ತಾರೆ.

ಕಥೆ ನಿಂತು ಲೆಕ್ಕಪಾಠ ಆರಂಭವಾಗುವುದೂ ಉಂಟು. ಭಯೋತ್ಪಾದಕನನ್ನು ಶೇಕಡಾ 99ರಷ್ಟು ಸರಿಯಾಗಿ ಪತ್ತೆಮಾಡುವ ಯಂತ್ರವೊಂದಿದೆಯೆನ್ನಿ. ಹತ್ತು ಲಕ್ಷ ಜನರಲ್ಲಿ ನಿಜವಾದ ಅಪರಾಧಿ ಒಬ್ಬನೇ ಆಗಿದ್ದರೆ, ಆ ಯಂತ್ರ ಬೆರಳು ತೋರುವುದು ಸುಮಾರು 10,000 ನಿರಪರಾಧಿಗಳತ್ತ. ಕಾವಲಿನ ಯಂತ್ರಗಳನ್ನು ನೆಚ್ಚಿದವರು ಈ ಲೆಕ್ಕಕ್ಕೆ ಉತ್ತರ ಹೇಳಲೇಬೇಕು. ಆದರೆ ಸ್ಫೋಟವನ್ನು ಕಂಡ ಊರಿನ ಭಯಕ್ಕೂ ಒಂದು ನ್ಯಾಯವಿದೆಯಷ್ಟೆ? ಅದನ್ನು ಕಾದಂಬರಿಕಾರರು ತುಸು ಅವಸರದಿಂದಲೇ ದಾಟಿಹೋಗುತ್ತಾರೆ. ಬೋಧನೆಯ ಹುರುಪಿನಲ್ಲಿ ಎದುರು ಪಕ್ಷದ ವಾದ ಸೊರಗಿದೆ.

2014ರಲ್ಲಿ ಫ್ಲಾರಿಡಾ ರಾಜ್ಯದ ಪೆನ್ಸಕೋಲಾ ಪಟ್ಟಣದ ಪ್ರೌಢಶಾಲೆಯೊಂದು ಬೇಸಿಗೆ ರಜೆಯ ವಾಚನಕ್ಕೆ ಈ ಕೃತಿಯನ್ನು ಆರಿಸಿತ್ತು. ಅಧಿಕಾರವನ್ನು ಪ್ರಶ್ನಿಸುವ ಮನೋಭಾವವನ್ನು ಅದು ಮೆಚ್ಚುತ್ತದೆಂಬ ಆಕ್ಷೇಪ ಬಂದು, ಮುಖ್ಯೋಪಾಧ್ಯಾಯರು ಆ ಕಾರ್ಯಕ್ರಮವನ್ನೇ ರದ್ದುಪಡಿಸಿದರು. ಪ್ರಕಾಶಕರು ಕೂಡಲೇ 200 ಪ್ರತಿಗಳನ್ನು ವಿದ್ಯಾರ್ಥಿಗಳಿಗೆ ಉಚಿತವಾಗಿ ಕಳುಹಿಸಿದರು. ಕಾದಂಬರಿಯಂತೂ ಮೊದಲಿನಿಂದಲೂ ಲೇಖಕರ ಜಾಲತಾಣದಲ್ಲಿ ಬಿಟ್ಟಿಯಾಗಿಯೇ ದೊರೆಯುತ್ತಿತ್ತು.